ಹಂದರದೊಳಗೆ ಮುಂದಿನ ಸಾಲು

ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಕಿಣ್ಣಿ ಸುಲ್ತಾನ ಎಂಬ ನಮ್ಮೂರಿನ ಮನೆಯ ಪಡಸಾಲೆ ತುಂಬ ಹೆಂಗಸರಿದ್ದರು. ನಾನು ಆಸ್ಪತ್ರೆಯ ಕೆಲಸ ಮುಗಿಸಿ ನೇರ ಅಲ್ಲಿಗೆ ಹೋಗಿದ್ದೆ. ಬಚ್ಚಲಲ್ಲಿ ಕೈಕಾಲು ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂಸನ್ನು ಎತ್ತಿಕೊಳ್ಳಲು ಬಗ್ಗಿದೆ. ನನ್ನ ಚಿಕ್ಕಮ್ಮ ಕೈ ಅಡ್ಡ ಹಿಡಿದಳು.

“ನೀ ಮುಟ್ಟಬ್ಯಾಡ ತಂಗಿ. ಸಾಯೋ ಹುಡುಗುರ ಹಂತ್ಯಾಕ ಇರಾಕಿ ನೀ. ಇವತ್ತೊಂದಿನ ಬ್ಯಾಡ.”

ಆಕೆ ಕೆಟ್ಟವಳಲ್ಲ. ನಾನು ಡಾಕ್ಟರಿಕೆ ಓದಲು ಹೊರಟಾಗ ಡಬ್ಬಿ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಟ್ಟವಳು. ಆದರೆ ಆ ಮಾತು ಆಡಿದ ಮೇಲೆ ಪಡಸಾಲೆಯಲ್ಲಿ ಒಬ್ಬರೂ ‘ಹಂಗನಬ್ಯಾಡ’ ಅನ್ನಲಿಲ್ಲ. ನಮ್ಮವ್ವ ದೂರದಿಂದಲೇ ಕಣ್ಣಲ್ಲಿ ನನ್ನನ್ನು ಬೇಡಿಕೊಂಡಳು: ಇರಲಿ ಬಿಡು.

ನಾನು ಬಿಡಲಿಲ್ಲ. “ಅಂಟೋ ರೋಗ ಯಾವುದು, ಅಂಟದ್ದು ಯಾವುದು ನನಗ ಗೊತ್ತದ ಚಿಗವ್ವ. ಸಾವು ಅಂಟಂಗಿಲ್ಲ,” ಎಂದು ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ಅದು ನನ್ನ ಸೀರೆಯ ಮೇಲೆ ಹಾಲು ಕಕ್ಕಿತು. ಈಗ ಆ ಹುಡುಗಿ ಅಂಗನವಾಡಿಗೆ ಹೋಗುತ್ತಾಳೆ. ಮನೆಯಲ್ಲಿ ಯಾರ ಮಾತೂ ಕೇಳುವುದಿಲ್ಲ.

ನಾನು ಮಕ್ಕಳ ಡಾಕ್ಟರು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಜನ ಹೆಚ್ಚಾಗಿ ಬರುವ ಆಸ್ಪತ್ರೆಯೊಂದರಲ್ಲಿ ವಾಸಿಯಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ಹಾಗಂದರೆ ಕೈಚೆಲ್ಲಿ ಕೂರುವುದು ಎಂದು ಬಹಳ ಜನ ತಿಳಿದಿದ್ದಾರೆ, ಓದಿದವರೂ ಕೂಡ. ನಾವು ಕೈಚೆಲ್ಲುವುದಿಲ್ಲ. ನೋವು, ಉಬ್ಬಸ, ವಾಂತಿ, ಬಾಯಿಯ ಹುಣ್ಣು, ಮೈತುರಿಕೆ, ಹೆದರಿಕೆ, ಇವುಗಳ ಜೊತೆ ದಿನವೂ ಜಗಳಕ್ಕೆ ನಿಲ್ಲುತ್ತೇವೆ. ಈ ಜಗಳದಲ್ಲಿ ನಾವು ಗೆಲ್ಲುವುದೇ ಹೆಚ್ಚು. ಕಾಯಿಲೆ ಗೆದ್ದರೂ ನೋವು ಗೆಲ್ಲಬೇಕೆಂದೇನೂ ಇಲ್ಲ. ಇದನ್ನು ಹೇಳಿ ಹೇಳಿ ನನ್ನ ದನಿಯೇ ಸ್ವಲ್ಪ ಒರಟಾಗಿದೆ.

ಈಗ ಹೇಳಹೊರಟಿರುವುದು ಒಬ್ಬ ಹುಡುಗಿಯ ವಿಷಯ. ಜೇವರ್ಗಿ ತಾಲೂಕಿನ ಒಂದು ಹಳ್ಳಿಯವಳು, ಹನ್ನೆರಡು ವರ್ಷದವಳು. ಮೊಣಕಾಲಿನ ಮೇಲೆ ಎಲುಬಿನಲ್ಲಿ ಗಡ್ಡೆ ಬೆಳೆದಿತ್ತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕೊಡಬಹುದಾದ ಔಷಧವನ್ನೆಲ್ಲ ಕೊಟ್ಟಿದ್ದರು. ಅಷ್ಟರೊಳಗೆ ರೋಗ ಶ್ವಾಸಕೋಶಕ್ಕೂ ಹಬ್ಬಿತ್ತು. ಇನ್ನು ನಮ್ಮ ಕೈಲಾಗುವುದಿಲ್ಲ ಎಂದು ಅಲ್ಲಿಯವರು ಹೇಳಿದ ಮೇಲೆ ನಮ್ಮಲ್ಲಿಗೆ ಕರೆತಂದಿದ್ದರು. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದಿದ್ದರಂತೆ. ರಸ್ತೆಯ ಪ್ರತಿ ತಗ್ಗಿಗೂ ಹುಡುಗಿ ಚೀರಿದ್ದಾಳೆ. ಜೇವರ್ಗಿ ದಾಟುವಷ್ಟರಲ್ಲಿ ಚೀರಲೂ ಆಗದೆ ಹಲ್ಲು ಕಚ್ಚಿಕೊಂಡು ಸುಮ್ಮನಾಗಿದ್ದಾಳೆ.

ಮಾರ್ಫಿನ್ ಸಿರಪ್ ಶುರು ಮಾಡುತ್ತೇನೆ ಅಂದಾಗ ಆಕೆಯ ಅಪ್ಪ ನನ್ನನ್ನು ಹೊರಗೆ ಕರೆದ. ಮೆತ್ತಗಿನ ಮನುಷ್ಯ, ನೆಲ ನೋಡಿ ಮಾತಾಡುವವನು.

“ಬಾಯಾರ, ಅದು ನಶಾದ ದವಾ ಅಂತಾರ. ಕೂಸಿಗಿ ಚಟ ಬೀಳಂಗಿಲ್ಲೇನ್ರಿ?”

“ನೋವಿಗಿ ಅಂತ ಅಳತಿ ನೋಡಿ ಕೊಡೋ ದವಾ ಅದು. ಚಟದ ಫಿಕೀರ್ ಬಿಡ್ರಿ, ಅದು ನನಗಿರಲಿ. ಆಕಿ ಮಾರಿ ನೋಡ್ರಿ ಮೊದಲ.”

ಅವನು ಬಾಗಿಲಿನಿಂದಲೇ ಮಗಳ ಮುಖ ನೋಡಿದ. “ಕೊಡ್ರಿ,” ಅಂದ.

ಔಷಧದ ಅಳತೆ ಸರಿಹೊಂದಲು ಸ್ವಲ್ಪ ಸಮಯ ಹಿಡಿಯಿತು. ನೋವು ಇಳಿದ ದಿನ ಹುಡುಗಿ ಚೆನ್ನಾಗಿ ನಿದ್ದೆ ಮಾಡಿ ಎದ್ದಳು. ಕಣ್ಣುಬಿಟ್ಟು ಚಾವಣಿ ನೋಡಿದಳು. ಆಕೆ ನಮ್ಮ ನರ್ಸಿಗೆ ಆಡಿದ ಮೊದಲ ಮಾತು ಇದು: “ಆ ಪಂಕಾ ಕರಕರ ಅನ್ನಾಕತ್ತದ. ಎಣ್ಣಿ ಬಿಡಾಕ ಯಾರೂ ಇಲ್ಲೇನು ಇಷ್ಟು ದೊಡ್ಡ ದವಾಖಾನ್ಯಾಗ?”

ಅಲ್ಲಿಂದ ಮುಂದೆ ಆಕೆಯ ಬಾಯಿ ನಿಲ್ಲಲಿಲ್ಲ. ನಮ್ಮ ಊಟದಲ್ಲಿ ಉಪ್ಪಿಲ್ಲ, ನಮ್ಮ ಸಿರಪ್ ಬೇವಿಗಿಂತ ಕಹಿ, ಮಾರ್ಫಿನ್ ಜೊತೆ ಮಲಬದ್ಧತೆ ಆಗದಿರಲೆಂದು ಕೊಡುವ ಇನ್ನೊಂದು ಔಷಧದಿಂದ ತನ್ನ ಮರ್ಯಾದೆಯೇ ಹೋಯಿತು, ಹೀಗೆ ದಿನಕ್ಕೊಂದು ದೂರು. ಮೆಹಂದಿ ಹಾಕುವುದರಲ್ಲಿ ಕೈ ಬಹಳ ಚೆನ್ನಾಗಿತ್ತು. ಅವ್ವನಿಂದ ಕೋನು ತರಿಸಿಕೊಂಡು ವಾರ್ಡಿನ ನರ್ಸುಗಳ ಕೈಗೆಲ್ಲ ಬಳ್ಳಿ ಬಿಡಿಸಿದಳು. ಪಕ್ಕದ ಹಾಸಿಗೆಯಲ್ಲಿ ಅಫಜಲಪುರ ಕಡೆಯ ಒಬ್ಬ ಪುಟ್ಟ ಹುಡುಗನಿದ್ದ, ರಕ್ತದ ಕಾಯಿಲೆಯವನು. ನನಗೂ ಬೇಕು ಎಂದು ಅಳತೊಡಗಿದ. ಗಂಡುಹುಡುಗನಿಗೆ ಏನು ಬಿಡಿಸುತ್ತಾಳೋ ಎಂದು ನಾವು ನೋಡುತ್ತಿದ್ದೆವು. ಅವನ ಅಂಗೈಯಲ್ಲಿ ಟ್ರ್ಯಾಕ್ಟರು ಬಿಡಿಸಿದಳು, ಹಿಂದೆ ಟ್ರೇಲರ್ ಸಹಿತ.

ಈ ಮೆಹಂದಿಯ ತಯಾರಿಗೆ ಒಂದು ಕಾರಣವಿತ್ತು. ಆಕೆಯ ಅಕ್ಕನ ಮದುವೆ ಗೊತ್ತಾಗಿತ್ತು. ಕಾಯಿಲೆಯ ಕಾರಣಕ್ಕೆ ಒಮ್ಮೆ ಮುಂದೆ ಹಾಕಿದ್ದರು. ಈಗ ತೊಗರಿ ರಾಶಿ ಮುಗಿದ ಮೇಲೆ, ಯುಗಾದಿಗೆ ಮುಂಚೆ, ಊರಿನಲ್ಲಿ ಮನೆಯ ಮುಂದೆಯೇ ಹಂದರ ಹಾಕಿ ಮಾಡುವುದೆಂದು ಆಗಿತ್ತು. ಮದುಮಗಳ ಪಕ್ಕದಲ್ಲಿ ಕಳಸ ಹಿಡಿದು ಇರುವ ಹುಡುಗಿಗೆ ನಮ್ಮ ಕಡೆ ಕಳಸಗಿತ್ತಿ ಅನ್ನುತ್ತಾರೆ. ತಂಗಿಯೇ ಕಳಸಗಿತ್ತಿ ಎಂದು ಅಕ್ಕ ಯಾವಾಗಲೋ ಮಾತು ಕೊಟ್ಟಿದ್ದಳು.

ಒಂದು ದಿನ ಹುಡುಗಿಯ ದೊಡ್ಡಪ್ಪ ಬಂದ. ಆ ಮನೆಯ ಯಜಮಾನ ಅವನೇ. ಹೊಲ, ತೊಗರಿ ವ್ಯಾಪಾರ, ಬಂದುಹೋಗುವವರು ಎಲ್ಲ ಅವನ ಮಾತಿನ ಮೇಲೆ ನಡೆಯುತ್ತಿತ್ತು. ಚಿಕಿತ್ಸೆಗೆಂದು ಊರೂರು ಓಡಾಡಿದವನೂ ಅವನೇ. ಹುಡುಗಿಯ ತಲೆ ಸವರಿ, ದ್ರಾಕ್ಷಿ ಕೊಟ್ಟು, ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಹೇಳಿದ: “ಮದಿವಿ ಮುಗಿಯೋತನ ಕೂಸು ಇಲ್ಲೇ ಇರಲಿ ಡಾಕ್ಟರಬಾಯಿ.”

“ಯಾಕ್ರಿ? ನೋವು ಹತೋಟ್ಯಾಗ ಅದ. ಕರ್ಕೊಂಡ ಹೋಗಬಹುದು. ದವಾ ಕಟ್ಟಿ ಕೊಡ್ತೇನಿ, ಬೇಕಾದ್ರ ನಾನೂ ಬರ್ತೇನಿ.”

“ದವಾದ್ದಲ್ರಿ.” ಅವನು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. “ಶುಭ ಕಾರ್ಯ ಅದು. ಕೂಸು ನೋಡಿದ್ರ ಹಿಂಗಾಗ್ಯಾದ. ಕೂದಲಿಲ್ಲ, ಎಲಬು ಕಾಣಾಕತ್ತಾವ. ಹಂದರದಾಗ ಏನರ ಹೆಚ್ಚುಕಮ್ಮಿ ಆದ್ರ? ಬೀಗರು ಅಪಶಕುನ ಅಂತಾರ. ದೊಡ್ಡ ಹುಡುಗಿ ಬಾಳೇದ ಪ್ರಶ್ನಿ ಅದ.”

ಅವನ ಕಣ್ಣು ಕೆಂಪಾಗಿದ್ದವು. ಅವನಿಗೆ ಆ ಹುಡುಗಿಯ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಯಾವತ್ತೂ ಹೇಳಲಾರೆ. ಆದರೆ ಬದುಕಿರುವ ಮಗುವನ್ನು ಮನೆಯ ಮದುವೆಯಿಂದ ಹೊರಗಿಡುವುದಕ್ಕೆ ಪ್ರೀತಿಯನ್ನು ನೆಪ ಮಾಡುವುದು ನನಗೆ ಸಹಿಸಲಾಗಲಿಲ್ಲ. “ಹುಡುಗಿನ್ನ ಕೇಳೋಣ್ರಿ,” ಅಂದೆ. ಅವನು ಕೇಳದೆ ಹೋದ.

ವಿಷಯ ಹುಡುಗಿಗೆ ತಿಳಿದದ್ದು ಅಕ್ಕನಿಂದ. ಅಕ್ಕ ಸಮಾಧಾನ ಮಾಡಲೆಂದೇ ಬಂದಿದ್ದಳು. ಪಾಪ, ಬಾಯಿತಪ್ಪಿ ಹೇಳಿಬಿಟ್ಟಳು: “ನೀ ಇಲ್ಲೇ ಕುಂತು ಮೊಬೈಲದಾಗ ಎಲ್ಲಾ ನೋಡಬಹುದು. ವಿಡಿಯೊ ಕಾಲ್ ಹಚ್ಚಿ ಇಡ್ತಾರ.”

ವಾರ್ಡಿನ ಆ ತುದಿಗೆ ಕೇಳುವಂತೆ ಹುಡುಗಿ ಕೂಗಿದಳು. “ನಮ್ಮಕ್ಕನ ಮದಿವಿ ನಾ ಮೊಬೈಲದಾಗ ನೋಡಬೇಕೇನು? ನಾ ಇನ್ನಾ ಸತ್ತಿಲ್ಲ ಬೇ!”

ಅಕ್ಕ ಅಳುತ್ತ ಹೊರಗೆ ಹೋದಳು. ನಾನು ಸ್ಟೂಲು ಎಳೆದುಕೊಂಡು ಹಾಸಿಗೆಯ ಪಕ್ಕ ಕೂತೆ. ಕೂಗಿದ್ದಕ್ಕೆ ಉಬ್ಬಸ ಬಂದಿತ್ತು. ಕೈಯಲ್ಲಿ ಹಿಡಿಯುವ ಪುಟ್ಟ ಪಂಕಾ ಒಂದಿದೆ ನಮ್ಮಲ್ಲಿ. ಅದನ್ನು ಮುಖದ ಹತ್ತಿರ ಹಿಡಿದೆ. ಮುಖಕ್ಕೆ ತಂಪು ಗಾಳಿ ಬಡಿದರೆ ಉಬ್ಬಸದ ಗಾಬರಿ ಇಳಿಯುತ್ತದೆ. ಉಸಿರು ಹಿಡಿತಕ್ಕೆ ಬಂದ ಮೇಲೆ ಆಕೆ ನನ್ನ ಕಡೆ ನೋಡದೆ ಕೇಳಿದಳು.

“ಬಾಯಾರ, ಮದಿವಿತನ ಇರ್ತೇನ್ರಿ ನಾ?”

ಮಗುವಿಗೆ ಏನೂ ಹೇಳಬೇಡಿ ಎಂದು ಆ ಮನೆಯವರು ಬಂದ ದಿನವೇ ಕೇಳಿಕೊಂಡಿದ್ದರು. ನಾನಾಗಿ ಹೇಳುವುದಿಲ್ಲ, ಅವಳಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದು ನಾನೂ ಅಂದೇ ಹೇಳಿದ್ದೆ.

“ಇರ್ತಿ ಅಂತ ನನಗನಸ್ತದ.”

“ಮುಂದ ಮಳಿ ಬರೋತನ, ಕಾರಹುಣ್ಣಿಮಿತನ?”

“ಖರೇ ಹೇಳಬೇಕಂದ್ರ, ನನಗ ಗೊತ್ತಿಲ್ಲವ್ವ. ಇರಲಿಕ್ಕಿಲ್ಲ ಅನಸ್ತದ.”

ಆಕೆ ಅಳುತ್ತಾಳೆ ಅಂದುಕೊಂಡಿದ್ದೆ. ಕಿಟಕಿಯ ಕಡೆ ತಿರುಗಿದಳು. ನಾನು ಆಕೆಯ ಅಂಗೈ ಹಿಡಿದುಕೊಂಡೇ ಇದ್ದೆ. ಕೊನೆಗೆ ಕೈ ಬಿಡಿಸಿಕೊಂಡು ಕಣ್ಣೊರೆಸಿಕೊಂಡಳು. “ನನಗ ಗೊತ್ತಿತ್ರಿ. ಎಲ್ಲಾರೂ ನನ್ನ ಮುಂದ ಬರೇ ನಗತಾರಲ್ಲ, ಅವಾಗೇ ಗೊತ್ತಾಗಿತ್ತು.” ದಿಂಬಿಗೆ ಒರಗಿ ಹೇಳಿದಳು: “ಹಂಗಾರ ಮದಿವಿಗಿ ಹೋಗಾಕೇ ಬೇಕು ನಾ.”

ಮರುದಿನ ಅಪ್ಪ, ಅವ್ವ, ದೊಡ್ಡಪ್ಪ ಮೂವರನ್ನೂ ನನ್ನ ಖೋಲಿಗೆ ಕರೆದೆ. ಹುಡುಗಿ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಹಾಗೇ ತಿಳಿಸಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡಪ್ಪ ಸಿಟ್ಟಾದ. ನೀವು ಹೇಳಬಾರದಿತ್ತು ಎಂದ. ಅದಕ್ಕೆ ಉತ್ತರ ಕೊಡದೆ ನಾನು ಬೇರೆಯದೇ ಪ್ರಶ್ನೆ ಕೇಳಿದೆ.

“ನಿಮ್ಮ ಮನ್ಯಾಗ ಯಾರರ ತೀರಿಕೊಂಡ್ರ ಸೂತಕ ಹಿಡೀತೀರೇನ್ರಿ?”

“ಇಲ್ರಿ. ನಾವು ಶರಣರ ದಾರಿ ಮಂದಿ. ನಮಗೆಲ್ಲಿ ಸೂತಕ?”

“ನಾವೂ ಅದೇ ದಾರಿ ಮಂದಿನೇ. ಸತ್ತವರದೇ ಸೂತಕ ಇಲ್ಲ ಅನ್ನೋರು ನಾವು. ಬದುಕಿರೋ ಕೂಸಿಂದು ಸೂತಕ ಎಲ್ಲಿಂದ ತಂದ್ರಿ?”

ಅವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. “ನೀವು ಔಷಧ ನೋಡ್ರಿ ಡಾಕ್ಟರಬಾಯಿ. ನಮ್ಮ ಮನಿ ನಾವ ನೋಡ್ಕೋತೇವಿ,” ಎಂದು ಹೊರಟುಹೋದ. ಅಪ್ಪ ಅವನ ಹಿಂದೆ ಹೋದ. ಅವ್ವ ಮಾತ್ರ ಅಲ್ಲೇ ಕೂತಿದ್ದಳು. ಅಷ್ಟು ದಿನದಲ್ಲಿ ಆ ಹೆಂಗಸು ಗಂಡಸರ ಮುಂದೆ ಬಾಯಿಬಿಟ್ಟದ್ದನ್ನು ನಾನು ನೋಡಿರಲಿಲ್ಲ. ಈಗ ಸೆರಗು ಕೆಳಗಿಳಿಸಿ, “ನೀವು ಗಟ್ಟಿ ನಿಂದರ್ರಿ ಬಾಯಾರ. ನಾನೂ ನಿಂದರ್ತೇನಿ,” ಅಂದಳು.

ಸಂಜೆಯೊಳಗೆ ದೂರು ಮೇಲಿನವರಿಗೆ ಮುಟ್ಟಿತು. ನಮ್ಮ ಆಸ್ಪತ್ರೆಯ ಹಿರಿಯ ವೈದ್ಯರು ನನ್ನನ್ನು ಕರೆಸಿ ಚಹಾ ಕೊಟ್ಟು ತಣ್ಣಗೆ ಹೇಳಿದರು: ಕುಟುಂಬದ ವಿಷಯಕ್ಕೆ ಕೈ ಹಾಕಬೇಡಿ, ಹೆಸರು ಕೆಡುತ್ತದೆ, ನಮ್ಮ ಕೆಲಸ ಚಿಕಿತ್ಸೆ ಮಾತ್ರ. ನಾನು ಚಹಾ ಕುಡಿದೆ. ಆಮೇಲೆ ಹೇಳಿದೆ, ಈ ಮಗುವಿಗೆ ಈಗ ಉಳಿದಿರುವ ಚಿಕಿತ್ಸೆಯಲ್ಲಿ ಮದುವೆಗೆ ಹೋಗುವುದೂ ಒಂದು. ಬೇಡವೆಂದರೆ ನೀವೇ ಬಂದು ಅವಳಿಗೆ ಹೇಳಿ. ಅವರು ಬರಲಿಲ್ಲ. ರಜೆ ಹಾಕಿ ಹೋಗುವುದಾದರೆ ನಾನು ತಡೆಯುವುದಿಲ್ಲ ಅಂದರು. ಅದೂ ಒಂದು ದಾರಿಯೇ ಎಂದು ನಾನು ಅಲ್ಲೇ ರಜೆ ಕೇಳಿದೆ.

ನಾವು ದೊಡ್ಡವರು ಹೀಗೆ ಎಳೆದಾಡುತ್ತಿರುವಾಗ ಹುಡುಗಿ ತಾನೇ ಕೆಲಸ ಮುಗಿಸಿದಳು. ಅವ್ವನ ಮೊಬೈಲಿನಿಂದ ಮದುಮಗನಿಗೇ ಫೋನು ಮಾಡಿದಳು. ಅವನು ಘತ್ತರಗಿ ಹತ್ತಿರದ ಹುಡುಗ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಕೆಲಸ. ನಾನು ಆ ಹೊತ್ತಿಗೆ ಪಕ್ಕದ ಹಾಸಿಗೆಯ ಹುಡುಗನನ್ನು ಪರೀಕ್ಷಿಸುತ್ತಿದ್ದೆ, ಆದ್ದರಿಂದ ಈ ಕಡೆಯ ಮಾತೆಲ್ಲ ಕೇಳಿತು.

“ಮಾಮಾ, ನಾ ಮದಿವಿಗಿ ಬಂದ್ರ ನಿಮಗೇನರ ತ್ರಾಸ ಅದ ಏನ್ರಿ? … ಇಲ್ರಿ, ಖರೇ ಹೇಳ್ರಿ. ನನಗ ಜಡ್ಡ ಜೋರ ಅದ, ನಿಮಗ ಗೊತ್ತಿಲ್ಲೇನು? … ನಮ್ಮ ದೊಡ್ಡಪ್ಪ, ಬೀಗರು ಒಪ್ಪಂಗಿಲ್ಲ ಅಂತಾನ. ಬೀಗರು ಅಂದ್ರ ನೀವೇ ಅಲ್ಲೇನ್ರಿ?”

ಆ ಕಡೆಯಿಂದ ಏನು ಉತ್ತರ ಬಂತೋ ತಿಳಿಯಲಿಲ್ಲ. ಮರುದಿನ ಕೆಲಸ ಬಿಟ್ಟ ಮೇಲೆ ಆ ಹುಡುಗ ಮೋಟರ್‌ಸೈಕಲ್ಲಿನಲ್ಲಿ ಬಂದ, ಒಂದು ಚೀಲ ಪೇರಲಹಣ್ಣು ಹಿಡಿದುಕೊಂಡು. ಬಂದವನು ಬಾಗಿಲಲ್ಲೇ ಗಕ್ಕನೆ ನಿಂತ. ಅವನು ಆಕೆಯನ್ನು ಕೊನೆಯ ಸಲ ನೋಡಿದ್ದು ನಿಶ್ಚಯದ ದಿನ, ಎರಡು ಜಡೆ ಹಾಕಿಕೊಂಡು ಓಡಾಡುತ್ತಿದ್ದಾಗ. ಹುಡುಗಿ ಅವನನ್ನು ಬಿಡಲಿಲ್ಲ. “ಹೆದರಬ್ಯಾಡ್ರಿ ಮಾಮಾ, ಒಳಗ ಬರ್ರಿ,” ಅಂದಳು. ಅವನು ಒಳಗೆ ಬಂದು ಕೂತು, ಪೇರಲ ಹೆಚ್ಚಿ ಕೊಟ್ಟ. ಹೋಗುವಾಗ ನನ್ನ ಹತ್ತಿರ ಬಂದು, “ನಾವು ಯಾರೂ ಬ್ಯಾಡ ಅಂದಿಲ್ರಿ ಮೇಡಂ. ನಮ್ಮನ್ನ ಯಾರೂ ಕೇಳೇ ಇಲ್ಲ,” ಅಂದ.

ಎರಡು ದಿನ ಬಿಟ್ಟು ಅವನ ಅವ್ವ ಬಂದಳು, ಒಬ್ಬಳೇ, ಬಸ್ಸು ಬದಲಿಸಿಕೊಂಡು. ಎತ್ತರದ ಹೆಂಗಸು, ಹಣೆಯಲ್ಲಿ ವಿಭೂತಿ ಮಾತ್ರ, ಕೈಯಲ್ಲಿ ಬಳೆ ಇರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಹುಡುಗಿಯ ಅವ್ವ ಗಡಿಬಿಡಿಯಿಂದ ಎದ್ದು ಕುರ್ಚಿ ಕೊಟ್ಟಳು. ಬೀಗತಿ ಕೂರಲಿಲ್ಲ. ಹಾಸಿಗೆಯ ಪಕ್ಕ ನಿಂತು ಹುಡುಗಿಯನ್ನು ನೋಡಿದಳು.

“ಖರೇ ಹೇಳ್ತೇನಿ ಕೂಸಾ. ನಿನ್ನ ಸುದ್ದಿ ಕೇಳಿ ನನಗ ಅಂಜಿಕಿ ಬಂದಿತ್ತು. ಮಗನ ಮದಿವಿ, ಏನರ ಆದ್ರ ಹೆಂಗ ಅಂತ.”

“ಈಗರಿ?” ಎಂದು ಹುಡುಗಿ ಕೇಳಿದಳು.

“ಈಗೂ ಅದ ಅಂಜಿಕಿ.” ಆಕೆ ಹಾಸಿಗೆಯ ಅಂಚಿನಲ್ಲಿ ಕೂತಳು. “ಆದ್ರ ರಾತ್ರೆಲ್ಲಾ ವಿಚಾರ ಮಾಡ್ದೆ. ನನಗೂ ಹೇಳ್ಯಾರ, ಅಕ್ಕಿಕಾಳು ಬೀಳೋ ಹೊತ್ತಿಗಿ ಒಳಗ ಖೋಲ್ಯಾಗ ಕುಂದ್ರು ಅಂತ. ಗಂಡ ಇಲ್ಲದಾಕಿ ಮುಂದ ಬರಬಾರದಂತ. ನಾ ಹಡದ ಮಗ ಅಂವ, ನಾ ಒಬ್ಬಾಕೇ ಬೆಳಿಸೀನಿ. ನಾ ಹ್ಞೂಂ ಅಂದು ಸುಮ್ಕಾಗಿದ್ದೆ.”

ಬೀಗತಿ ಹುಡುಗಿಯ ಹೊದಿಕೆ ಸರಿಮಾಡಿದಳು.

“ನೀ ಫೋನ್ ಮಾಡಿ ಕೇಳಿದಿ ಅಂತ ಮಗ ಹೇಳ್ದ. ಇಷ್ಟು ಕೂಸಿಗಿ ಕೇಳೋ ಧೈರ್ಯ ಅದ, ನನಗ್ಯಾಕ ಇಲ್ಲ ಅನಸ್ತು. ನೀ ಬಾ. ನೀ ಬಂದ್ರ ನಾನೂ ಹಂದರದಾಗ ಬಂದು ಮುಂದ ಕುಂದರ್ತೇನಿ. ಎಬ್ಬಿಸೋರು ಇಬ್ಬರನ್ನೂ ಎಬ್ಬಿಸಲಿ, ನೋಡೋಣ.”

ಹುಡುಗಿ ಕೂಡಲೇ ಕೈ ಚಾಚಿದಳು, ವ್ಯಾಪಾರ ಕುದುರಿಸಿದವಳಂತೆ. ಬೀಗತಿ ಆ ಕೈ ಹಿಡಿದಳು. ನಾನು ಯಾವುದೋ ಕೆಲಸವಿದ್ದವಳಂತೆ ತಿರುಗಿ ನಿಂತೆ.

ಮದುವೆಯ ದಿನ ನನ್ನ ಕಾರಿನಲ್ಲೇ ಹೊರಟೆವು. ಹಿಂದಿನ ಸೀಟಿಗೆ ದಪ್ಪ ಕೌದಿ ಹಾಸಿ, ಕಾಲಿನ ಕೆಳಗೆ ದಿಂಬು ಇಟ್ಟು, ಹೊರಡುವ ಮುಂಚೆ ಒಂದು ಹೆಚ್ಚಿನ ಗುಟುಕು ಮಾರ್ಫಿನ್ ಕೊಟ್ಟಿದ್ದೆ. ಡಿಕ್ಕಿಯಲ್ಲಿ ಸಣ್ಣ ಆಕ್ಸಿಜನ್ ಸಿಲಿಂಡರ್ ಇತ್ತು. ನಮ್ಮ ನರ್ಸ್ ಒಬ್ಬಳು ತಾನೂ ರಜೆ ಹಾಕಿ ಬಂದಿದ್ದಳು; ಕೈ ತುಂಬ ಹುಡುಗಿ ಹಾಕಿದ ಮೆಹಂದಿ. ಜೇವರ್ಗಿ ರಸ್ತೆಯ ತಗ್ಗುಗಳು ಹಾಗೇ ಇದ್ದವು. ಒಂದೊಂದು ತಗ್ಗಿಗೂ ನಾನು ಕನ್ನಡಿಯಲ್ಲಿ ಆಕೆಯ ಮುಖ ನೋಡುತ್ತಿದ್ದೆ. “ರೋಡ್ ನೋಡ್ರಿ ಬಾಯಾರ, ನನ್ನ ಏನ್ ನೋಡ್ತೀರಿ,” ಎಂದು ಬೈದಳು.

ಹಂದರದ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದ, ತಲೆಗೆ ರುಮಾಲು ಸುತ್ತಿಕೊಂಡು, ಬಂದವರಿಗೆಲ್ಲ ಕೈ ಮುಗಿಯುತ್ತ. ನಮ್ಮನ್ನು ನೋಡಿ ಅವನ ಕೈ ನಿಂತಿತು. ಹುಡುಗಿಯ ಅಪ್ಪ ಮಗಳನ್ನು ಎತ್ತಿಕೊಂಡಿದ್ದ. ನೆಲ ನೋಡಿ ಮಾತಾಡುವ ಆ ಮನುಷ್ಯ ಅಂದು ನೆಲ ನೋಡಲಿಲ್ಲ. “ಜರಾ ಸರಿ ಅಣ್ಣಾ,” ಅಂದ. ದೊಡ್ಡಪ್ಪ ಸರಿದ.

ಅಕ್ಕನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ದಿಂಬು ಇಟ್ಟು ಕೂರಿಸಿದೆವು. ಹಸಿರು ಲಂಗ, ತಲೆಗೆ ಅಕ್ಕನದೇ ಹಳೆಯ ಜರಿ ಸೆರಗಿನ ತುಂಡು ಕಟ್ಟಿದ್ದಳು. ತೊಡೆಯ ಮೇಲೆ ಕಳಸ. ಮಾತು ಕೊಟ್ಟಂತೆ ಬೀಗತಿ ಒಳಗಿನಿಂದ ನಡೆದುಬಂದು ಮುಂದಿನ ಸಾಲಿನಲ್ಲಿ, ಹುಡುಗಿಯ ಬದಿಗೇ ಕೂತಳು. ಹಂದರದೊಳಗೆ ಗುಜುಗುಜು ಶುರುವಾಯಿತು. ಹಿಂದೆ ಕೂತ ಒಬ್ಬ ಮುದುಕಿ ಎಲ್ಲರಿಗೂ ಕೇಳುವ ಹಾಗೆ, “ಮುಂದ ಕುಂತವರು ನೋಡು, ಇದೂ ಒಂದು ಮದಿವಿ,” ಅಂದಳು.

ಹುಡುಗಿ ಕುತ್ತಿಗೆ ತಿರುಗಿಸಿದಳು. “ಯಾಕ ಆಯಿ, ಕಾಣವಲ್ದೇನು ನಿನಗ? ಈ ಕಡಿ ಸರದು ಕುಂದ್ರು.”

ಯಾರೋ ಕಿಸಕ್ಕನೆ ನಕ್ಕರು. ನಗು ಆ ಕಡೆಯಿಂದ ಈ ಕಡೆಗೆ ಹರಡಿತು. ಮುದುಕಿ ಗೊಣಗುತ್ತ ನಿಜಕ್ಕೂ ಸರಿದು ಕೂತಳು. ಅಯ್ಯನವರು ಗಂಟಲು ಸರಿಮಾಡಿಕೊಂಡು ಮಂತ್ರ ಶುರು ಮಾಡಿದರು.

ನಡುವೆ ಹುಡುಗಿಗೆ ಉಸಿರು ಸಾಲದಾಯಿತು. ತುಟಿ ಬಿಳಿಚಿತು. ನಾನು ಹಿಂದಿನಿಂದ ಪುಟ್ಟ ಪಂಕಾ ಹಿಡಿದೆ, ಒಂದು ಗುಟುಕು ಸಿರಪ್ ಕೊಟ್ಟೆ, ಒಳಗೆ ಹೋಗೋಣವೇ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಕಳಸ ನಡುಗತೊಡಗಿದಾಗ ಬೀಗತಿ ತನ್ನ ಬರಿಗೈಯನ್ನು ಅದರ ಕೆಳಗೆ ಒತ್ತಾಗಿ ಇಟ್ಟಳು. ಆಗ ದೊಡ್ಡಪ್ಪ ಎಲ್ಲಿಂದಲೋ ಬಂದ. ಗಂಡಸರ ಕಡೆಗಿದ್ದ ದೊಡ್ಡ ಪಂಕಾವನ್ನು ಎಳೆದು ತಂದು ಹುಡುಗಿಯ ಕಡೆ ತಿರುಗಿಸಿ ನಿಲ್ಲಿಸಿದ. ನನ್ನ ಕಡೆಯೂ ನೋಡಲಿಲ್ಲ, ಆಕೆಯ ಕಡೆಯೂ ನೋಡಲಿಲ್ಲ. ಪಂಕಾ ಅಲುಗಾಡದಂತೆ ಕಾಲಿನಿಂದ ಒತ್ತಿ ಹಿಡಿದು ಅಲ್ಲೇ ನಿಂತ.

ಅಕ್ಕಿಕಾಳು ಬಿದ್ದವು. ಮದುಮಕ್ಕಳ ಮೇಲೆ ಬಿದ್ದಷ್ಟೇ ಹುಡುಗಿಯ ಮೇಲೂ ಬಿದ್ದವು. ಬೀಗತಿ ಮಗನ ತಲೆಯ ಮೇಲೆ ಹಾಕಿದಳು, ಸೊಸೆಯ ತಲೆಯ ಮೇಲೆ ಹಾಕಿದಳು. ಮೊದಲ ಕಾಳು ಅವಳದೇ. ಯಾರೂ ಎಬ್ಬಿಸಲಿಲ್ಲ.

ಆಮೇಲೆ ಹುಡುಗಿಯನ್ನು ಒಳಖೋಲಿಯಲ್ಲಿ, ಜೋಳದ ಚೀಲಗಳ ನಡುವೆ ಮಲಗಿಸಿದೆವು. ಕಣ್ಣು ಮುಚ್ಚಿಕೊಂಡೇ, ಹುಗ್ಗಿಗೆ ತುಪ್ಪ ಸರಿಯಾಗಿ ಹಾಕಿದ್ದಾರೋ ಇಲ್ಲವೋ ನೋಡಿ ಬಾ ಎಂದು ಅವ್ವನನ್ನು ಓಡಿಸಿದಳು. ನಾನು ಪಕ್ಕದಲ್ಲೇ ನೆಲದ ಮೇಲೆ ಕೂತು ಎಲೆಯ ತುಂಬ ಹುಗ್ಗಿ ಉಂಡೆ. ಬಹಳ ದಿನಗಳ ಮೇಲೆ ನನಗೆ ಹಸಿವಾಗಿತ್ತು.

ಆಕೆ ಮತ್ತೆ ಆಸ್ಪತ್ರೆಗೆ ಬರಲಿಲ್ಲ. ಮನೆಯಲ್ಲೇ ಇರುತ್ತೇನೆ ಅಂದಳು. ಅವ್ವ ಇರಲಿ ಅಂದಳು. ಈ ಸಲ ದೊಡ್ಡಪ್ಪ ಅಡ್ಡ ಬರಲಿಲ್ಲ. ಸಿರಪ್ ಕೊಡುವುದನ್ನು ಅವ್ವನಿಗೂ ಅಪ್ಪನಿಗೂ ಕಲಿಸಿದೆವು. ನಾನೋ ನಮ್ಮ ನರ್ಸೋ ಹೋಗಿ ನೋಡಿಬರುತ್ತಿದ್ದೆವು, ಉಳಿದಂತೆ ಫೋನಿನಲ್ಲಿ. ಪಡಸಾಲೆಯಲ್ಲೇ ಆಕೆಯ ಹಾಸಿಗೆ. ಬಂದುಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದಳು, ಮಾತು ಕಡಿಮೆಯಾದ ಮೇಲೆ ನೋಡುತ್ತಿದ್ದಳು.

ಯುಗಾದಿ ಆಗಿ ಸ್ವಲ್ಪ ದಿನಕ್ಕೆ, ಒಂದು ಮುಂಜಾನೆ ಅವ್ವ ಫೋನು ಮಾಡಿದಳು. ನಾನು ಹೋಗುವಷ್ಟರಲ್ಲಿ ಅಕ್ಕನೂ ಮಾಮಾನೂ ಬೀಗತಿಯೂ ಬಂದಿದ್ದರು. ಹುಡುಗಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಉಸಿರು ನಿಧಾನವಾಗಿತ್ತು, ನಡುನಡುವೆ ನಿಲ್ಲುತ್ತಿತ್ತು. ಹಣೆಯಲ್ಲಿ ನೋವಿನ ಗೆರೆ ಇರಲಿಲ್ಲ. ನಾನು ಅದನ್ನೇ ಹುಡುಕಿದೆ, ಮತ್ತೆ ಮತ್ತೆ ನೋಡಿದೆ, ಇರಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಹೋದಳು.

ಮಣ್ಣು ಕೊಟ್ಟದ್ದು ಅವರದೇ ಹೊಲದಲ್ಲಿ. ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಬದುವಿನ ಮೇಲೆ ನಿಂತಿದ್ದ ನನ್ನ ಹತ್ತಿರ ಬಂದ. ಅಂಗೈಗೆಲ್ಲ ಕರಿಮಣ್ಣು.

“ನೀವು ಉಳಸಲಿಲ್ಲ ಡಾಕ್ಟರಬಾಯಿ.”

“ಇಲ್ರಿ. ಉಳಸಾಕ ಯಾರಿಗೂ ಆಗತಿರಲಿಲ್ಲ. ಆದ್ರ ಕಡೀತನ ಆಕಿ ನಿಮ್ಮ ಮನ್ಯಾಗಿನ ಮಂದಿಯಾಗೇ ಇದ್ದಳು.”

ಅವನು ಅಂಗೈಯ ಮಣ್ಣು ಉದುರಿಸಿಕೊಂಡ. ಆಮೇಲೆ ಕೇಳಿದ: “ನೋವು ಇರಲಿಲ್ಲಲ್ರಿ?”

“ಇರಲಿಲ್ಲ.”

ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊಲದ ಕಡೆ ನಡೆದ. ನಾನು ಹಿಂದಿರುಗುವಾಗ ಭೀಮೆಯ ಸೇತುವೆ ದಾಟಿ ಕಾರು ಬದಿಗೆ ನಿಲ್ಲಿಸಿ ಅತ್ತೆ. ಅಳುವುದು ಈ ಕೆಲಸಕ್ಕೆ ಅಡ್ಡಿ ಎಂದು ಒಬ್ಬ ಹಿರಿಯರು ಒಮ್ಮೆ ಉಪದೇಶ ಮಾಡಿದ್ದರು. ನನಗೆ ಹಾಗೆ ಅನ್ನಿಸಿಲ್ಲ. ಅತ್ತು, ಮುಖ ತೊಳೆದು, ವಾರ್ಡಿಗೆ ಹೋದೆ. ಅಲ್ಲಿ ಇನ್ನೂ ಮಕ್ಕಳಿದ್ದರು.

ಈಗ ಸೋಮವಾರ ಸೋಮವಾರ ಆ ಬೀಗತಿ ಬಸ್ಸು ಹತ್ತಿ ನಮ್ಮ ವಾರ್ಡಿಗೆ ಬರುತ್ತಾಳೆ. ಬಾ ಎಂದು ಯಾರೂ ಕರೆದಿಲ್ಲ. ತಾಯಂದಿರ ಜೊತೆ ಕೂತು ಶೇಂಗಾ ಸುಲಿಯುತ್ತ ಮಾತಾಡುತ್ತಾಳೆ. ಮೊನ್ನೆ ಆಳಂದ ಕಡೆಯ ಒಬ್ಬ ಅಜ್ಜ, ಮೊಮ್ಮಗನಿಗೆ ಇನ್ನು ಸಾಲಿ ಯಾಕೆ, ಪುಸ್ತಕ ಯಾಕೆ, ಸುಮ್ಮನೆ ಮಲಗಿರಲಿ ಎಂದು ಅವನ ಪಾಟೀಚೀಲ ಎತ್ತಿಡಲು ಹೋದ. ಈಕೆ ಆ ಚೀಲ ಕಸಿದುಕೊಂಡು ಹುಡುಗನ ತೊಡೆಯ ಮೇಲೆ ಇಟ್ಟು, ಅಜ್ಜನಿಗೆ ಇಡೀ ಮಹಡಿಗೆ ಕೇಳುವಂತೆ ನಾಲ್ಕು ಮಾತು ಅಂದಳು. ಆಕೆಗೆ ಮೆಲ್ಲಗೆ ಮಾತಾಡಲು ಹೇಳಿ ಎಂದು ನನಗೆ ಮೇಲಿನಿಂದ ಸೂಚನೆ ಬಂದಿದೆ. ನಾನಿನ್ನೂ ಹೇಳಿಲ್ಲ. ಹೇಳುವ ವಿಚಾರವೂ ಇಲ್ಲ.